ಪರದೆಯ ಬುಡದ ಸಾಲು

ಭಾನುವಾರ ರಾತ್ರಿ ಲಂಡನ್ನಿನ ಟೀವಿ
ದೇಶಕ್ಕೆ ದೇಶವೇ ಇನ್ನು ಬಾಗಿಲು ತೆಗೆಯಬಹುದು ಅಂದಿತು.
ಬುಡದಲ್ಲಿ, ಇರುವೆ ಹರಿದ ಹಾಗೆ, ಒಂದು ಸಾಲು ಹೋಯಿತು:
ಇದು ಇಂಗ್ಲೆಂಡಿಗೆ ಮಾತ್ರ.
ನಾನು ಹಿಟ್ಟು ನಾದುತ್ತಿದ್ದೆ. ಕೈ ಒರೆಸಿ ಕನ್ನಡಕ ಹುಡುಕುವಷ್ಟರಲ್ಲಿ
ಇರುವೆಗಳು ಗೂಡು ಸೇರಿದ್ದವು,
ಹವಾಮಾನದ ಹುಡುಗಿ ಬಂದು ನಗುತ್ತಿದ್ದಳು.

ಬುಧವಾರ ಬೆಳಿಗ್ಗೆ ನಮ್ಮ ಪಾಂಟ್‌ವೆನ್ ಸೇತುವೆಯ ಮೇಲೆ
ಬರ್ಮಿಂಗ್‌ಹ್ಯಾಮಿನ ಕಾರು. ನೆತ್ತಿಯ ಮೇಲೆ ಮೂರು ಸೈಕಲ್ಲು,
ಹಿಂದಿನ ಸೀಟಿನಲ್ಲಿ ಬಕೆಟ್ಟು ತಬ್ಬಿದ ಮಗು.
ಪೇದೆ ಗೆಥಿನ್ ಕೈ ಅಡ್ಡ ಹಿಡಿದ.
"ಟೀವಿ ನೋಡಲಿಲ್ಲವೇನಪ್ಪ?" ಅಂದ ಕಾರಿನವನು,
ಪಾಪ, ಒಳ್ಳೆಯ ಮನುಷ್ಯನೇ,
"ಇಡೀ ದೇಶಕ್ಕೇ ಹೇಳಿದರಲ್ಲ!"
ಗೆಥಿನ್ ಬೂಟಿನ ತುದಿಯಿಂದ ಹಾಸುಗಲ್ಲಿನ ಒಂದು ಬಿರುಕು ತೋರಿಸಿದ.
"ಅವರು ಹೇಳಿದ ದೇಶ ಇಲ್ಲಿಗೆ ಮುಗಿಯುತ್ತೆ ಸಾರ್."
ಅಂಗಡಿ ಕಿಟಕಿಯಿಂದ ನೋಡುತ್ತಿದ್ದ ನನಗೆ
ಆ ಬಿರುಕು ನಲವತ್ತು ವರ್ಷದಲ್ಲಿ ಅವತ್ತೇ ಕಂಡದ್ದು.

ರಾತ್ರಿಯ ಸುದ್ದಿಯಲ್ಲಿ ನಾವೂ ಬಂದೆವು,
ಒಂದು ನಿಮಿಷ ಹತ್ತು ಸೆಕೆಂಡು.
ಊರಿಗೆಲ್ಲ ಒಂದು ದಾರಿಯಾದರೆ
ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಆ ದನಿ.
ಗೊಂದಲ, ಅಂದ ವರದಿಗಾರ. ಮೂರು ಸಲ ಅಂದ.
ಯಾರ ಗೊಂದಲ ಅಂತ ಯಾರೂ ಕೇಳಲಿಲ್ಲ.
ಹಿಂದೆ ಕುರಿ ತೋರಿಸಿದರು.
ನಮ್ಮ ಬಗ್ಗೆ ಏನೇ ಹೇಳಲಿ, ಕುರಿ ತೋರಿಸುತ್ತಾರೆ.

ನಾಲ್ಕು ಮೈಲಿ ಆಚೆ, ವೃದ್ಧರ ಮನೆಯಲ್ಲಿ,
ನೀನೂ ಅದೇ ಟೀವಿಯ ಎದುರಿಗಿದ್ದೆ, ಇಡ್ವಾಲ್.
ಎರಡೂ ಕಣ್ಣಿಗೆ ಪೊರೆ, ಕಿವಿ ಮಾತ್ರ ಚುರುಕು.
ಬುಡದ ಸಾಲಿಗೆ ದನಿಯಿಲ್ಲವಲ್ಲ.
ಫೋನಿನಲ್ಲಿ ಅಂದೆ:
"ಬಯಲಲ್ಲಾದರೆ ಒಬ್ಬರು ಒಬ್ಬರನ್ನು ನೋಡಬಹುದಂತೆ,
ಎರಡು ಮೀಟರು ಬಿಟ್ಟು.
ಇಲ್ಲಿ ತೋಟದಲ್ಲಿ ಬೆಂಚಿದೆ. ನಿನಗೆ ಕಾಲಿದೆ.
ಯಾಕೆ ಬರಲಿಲ್ಲ, ಟೆಗ್ವೆನ್?"

ಅದು ಅವರಿಗೆ ಕಣೋ.
"ಯಾರವರು?"
ಹೊಳೆಯಾಚೆಯವರು.
"ಟೀವಿ ಲೈಸೆನ್ಸಿನ ದುಡ್ಡು ಐವತ್ತು ವರ್ಷ
ಹೊಳೆಯಾಚೆಯವರು ಕಟ್ಟಿದರೇನು?"
ಕಾರ್ಡಿಫ್‌ನವರು ಬೇರೆ ಹೇಳಿದ್ದಾರೆ,
ಮಧ್ಯಾಹ್ನ ಹನ್ನೆರಡೂವರೆಗೆ ಹೇಳುತ್ತಾರೆ, ಬೇರೆ ಚಾನೆಲ್ಲು,
ಮೆರೆರಿಡ್‌ಗೆ ಕೇಳು, ಹಾಕಿಕೊಡುತ್ತಾಳೆ.
ನೀನು ಬಹಳ ಹೊತ್ತು ಸುಮ್ಮನಿದ್ದೆ.
ನಿನ್ನ ಹಿಂದೆ ಲಂಡನ್ನು ಮಾತಾಡುತ್ತಲೇ ಇತ್ತು.

ಕಾರ್ಡಿಫ್‌ನವರ ಮೇಲೂ ನನಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ.
ಅವರು ಸರಿಯೋ ಇವರು ಸರಿಯೋ
ಬ್ರೆಡ್ಡು ಮಾರುವವಳಿಗೆ ಹೇಗೆ ತಿಳಿಯಬೇಕು.
ಯಾರಾದರೂ ಒಬ್ಬರು, ಗಟ್ಟಿಯಾಗಿ, ನಿನಗೆ ಕೇಳುವ ಹಾಗೆ
ಅಂದಿದ್ದರೆ ಸಾಕಿತ್ತು:
ಅವಳು ಬೇಕೆಂದೇ ಬಾರದೆ ಕೂತಿಲ್ಲ.

ಮರುದಿನ ಮೆರೆರಿಡ್ ಫೋನು ಮಾಡಿದಳು. ರಿಮೋಟು ಕಾಣೆ.
ಸೋಫಾದ ಸಂದಿ, ಕೊಳೆಬಟ್ಟೆಯ ಬುಟ್ಟಿ, ಹೂವಿನ ಕುಂಡ,
ಎಲ್ಲ ಜಾಲಾಡಿದ್ದಾರೆ. ಚಾನೆಲ್ಲು ಬದಲಿಸಲಾಗುತ್ತಿಲ್ಲ,
ಬೇಜಾರು ಮಾಡಿಕೋಬೇಡಿ, ಅಂದಳು.

ನೀನು ಹೋದದ್ದು ಮೇ ಇಪ್ಪತ್ತೇಳು.
ಸಂಜೆಯ ಸಂಖ್ಯೆಗೆ ನಿನ್ನನ್ನೂ ಸೇರಿಸಿದರೋ ಏನೋ,
ಇಡೀ ದೇಶದ್ದು ಅಂತ ಓದುವ ಆ ದೊಡ್ಡ ಸಂಖ್ಯೆಗೆ.
ಅದರಲ್ಲಿ ಹೊಳೆಯಿಲ್ಲ, ಬಿರುಕಿಲ್ಲ.
ಅಷ್ಟು ದಿನ ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಈಗ ಲೆಕ್ಕಕ್ಕೆ ಬಂದೆ.

ಚೀಲವನ್ನು ಗೇಟಿನ ಹೊರಗಿಟ್ಟು
ಮೆರೆರಿಡ್ ಎರಡು ಮೀಟರು ಹಿಂದೆ ಸರಿದಳು.
ಬಾಚಣಿಗೆ. ಹಲ್ಲಿನ ಡಬ್ಬಿ. ಒಂಟಿ ಚಪ್ಪಲಿ.
ನಾನೇ ಹೆಣೆದ ನೀಲಿ ಸ್ವೆಟರು,
ಅದರ ತೋಳಿನೊಳಗೆ, ಮೊಣಕೈ ಇರುವಲ್ಲಿ, ಗಟ್ಟಿಯಾಗಿ ಏನೋ.
ರಿಮೋಟು.

ನಾನು ಬರಬಹುದು ಅಂತ ಹೇಳುತ್ತಿದ್ದದ್ದು
ಅದೊಂದೇ ಚಾನೆಲ್ಲು.